ನಂದಿಸೀಮೆಯ ಕಾಲುದಾರಿಗಳು

ಹಳಗನ್ನಡದ ಪಾಠ ಹೇಳುವ ಉಪಾಧ್ಯಾಯರಿಗೆ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಒದಗುವ ಒಂದು ವಿನೋದವುಂಟು. ಕಾವ್ಯಭಾಗದಲ್ಲಿ ಯಾವನೋ ಪಥಿಕನು ‘ಬಟ್ಟೆ’ ತಪ್ಪಿ ಅಡವಿಯಲ್ಲಿ ತೊಳಲಿದನೆಂದು ಬಂದಾಗ, ಅರ್ಥ ಹೇಳಲು ಎದ್ದು ನಿಂತ ಹುಡುಗನು ‘ಅವನ ಬಟ್ಟೆ ಕಳೆದುಹೋಯಿತು’ ಎಂದುಬಿಡುತ್ತಾನೆ. ತರಗತಿಯೆಲ್ಲ ನಗುತ್ತದೆ. ನಗು ಅಡಗಿದ ಬಳಿಕ ಉಪಾಧ್ಯಾಯರು ವಿವರಿಸುತ್ತಾರೆ: ಇಲ್ಲಿ ಬಟ್ಟೆಯೆಂದರೆ ಉಡುಗೆಯಲ್ಲ, ದಾರಿ, ಸಂಸ್ಕೃತದ ‘ವರ್ತ್ಮ’ ಶಬ್ದವೇ ತದ್ಭವವಾಗಿ ಹೀಗೆ ನಿಂತಿತು, ಶಾಸನಗಳಲ್ಲಿ ಬರುವ ‘ಹೆಬ್ಬಟ್ಟೆ’ಯೆಂದರೆ ಹೆದ್ದಾರಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮಕ್ಕಳಿಗಾದರೆ ಇನ್ನೂ ಒಂದು ಮಾತನ್ನು ಸೇರಿಸಿ ಹೇಳಬಹುದು. ಈ ಸೀಮೆಯ ಅನೇಕ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಆಡುನುಡಿಯಾಗಿದೆ. ತೆಲುಗಿನಲ್ಲಿ ದಾರಿಗೆ ‘ಬಾಟ’ ಎಂದೂ ಕಾಲುದಾರಿಗೆ ‘ಕಾಲಿಬಾಟ’ ಎಂದೂ ಹೆಸರು. ಪಂಡಿತರು ನಿಘಂಟಿನಲ್ಲಿ ಹುಡುಕುವ ಬಟ್ಟೆಯ ಒಡಹುಟ್ಟಾದ ಶಬ್ದವು ಮನೆಯ ಅಜ್ಜಿಯ ಬಾಯಲ್ಲಿ ಇಂದಿಗೂ ಜೀವಂತವಾಗಿದೆ. ಕನ್ನಡದಲ್ಲಿ ಆ ಅರ್ಥ ಬಳಕೆ ತಪ್ಪಿತು. ಬಳಕೆ ತಪ್ಪಿದ್ದರಿಂದ ಮರೆತುಹೋಯಿತು. ಶಬ್ದದ ವಿಷಯದಲ್ಲಿ ಇದು ಸಹಜವಾದ ವ್ಯಾಪಾರ. ಭಾಷೆಯು ಒಂದನ್ನು ಬಿಟ್ಟು ಇನ್ನೊಂದನ್ನು ಕಟ್ಟಿಕೊಳ್ಳುತ್ತದೆ. ಆದರೆ ಶಬ್ದವು ಸೂಚಿಸುವ ವಸ್ತುವೇ, ಎಂದರೆ ಊರಿಂದೂರಿಗೆ, ಊರಿಂದ ಹೊಲಕ್ಕೆ, ಹೊಲದಿಂದ ಬೆಟ್ಟಕ್ಕೆ ಹೋಗುತ್ತಿದ್ದ ಕಾಲುದಾರಿಯೇ, ಬಳಕೆ ತಪ್ಪಿ ಅಳಿದುಹೋಗುವಾಗ ಅದನ್ನು ಹಾಗೆಯೇ ನೋಡುತ್ತ ಕೂರುವುದು ಉಚಿತವೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ಈ ಸೀಮೆಯ ಭೂರಚನೆಯನ್ನು ಬಲ್ಲವರಿಗೆ ಕಾಲುದಾರಿಯ ಮಹತ್ತ್ವವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಗಿರಿ, ಅದರ ಬಳಗವಾದ ಚನ್ನಗಿರಿ, ಬ್ರಹ್ಮಗಿರಿ, ಕಳವಾರದ ಮೇಲಿನ ಸ್ಕಂದಗಿರಿ. ಚಿಂತಾಮಣಿಯ ಕಡೆಗೆ ಅಂಬಾಜಿದುರ್ಗ, ಕೈವಾರದ ಬೆಟ್ಟಗಳು. ಶಿಡ್ಲಘಟ್ಟದ ಕಡೆಗೆ ತಲಕಾಯಲಬೆಟ್ಟ. ಉತ್ತರ ಪಿನಾಕಿನಿ, ಅರ್ಕಾವತಿಗಳಂಥ ನದಿಗಳು ಈ ಗಿರಿಶ್ರೇಣಿಯಲ್ಲಿಯೇ ಹುಟ್ಟಿದರೂ ಹುಟ್ಟಿದೆಡೆಯಲ್ಲಿ ಅವು ಬರಿಯ ಹಳ್ಳಗಳು. ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲದ ನಾಡಾದ್ದರಿಂದ ಹಿರಿಯರು ಬೆಟ್ಟದ ನೀರನ್ನು ಕೆರೆಯಿಂದ ಕೆರೆಗೆ ಇಳಿಸಿ ಬದುಕಿದರು. ನೀರು ಇಳಿದ ದಾರಿಯನ್ನೇ ಜನರೂ ಹಿಡಿದರು. ಕೆರೆಯ ಏರಿಯೇ ರಾಜಮಾರ್ಗ, ಕೋಡಿಯ ಹಾಸುಗಲ್ಲೇ ಸೇತುವೆ, ಗುಂಡುತೋಪೇ ತಂಗುದಾಣ. ಬಂಡಿ ಹೋಗುವಷ್ಟು ಅಗಲವಿದ್ದುದು ಬಂಡಿದಾರಿ, ಎರಡು ಬೇಲಿಗಳ ನಡುವೆ ದನ ನಡೆಯುವುದು ಓಣಿ, ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದದ್ದು ಕಾಲುದಾರಿ. ತಲೆಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ಹೊರೆ ಇಳಿಸಿ ಮತ್ತೆ ಏರಿಸಿಕೊಳ್ಳಲೆಂದು ಆಳೆತ್ತರದಲ್ಲಿ ನಿಲ್ಲಿಸಿದ ಕಲ್ಲುಗಳು, ಬೇಸಿಗೆಯಲ್ಲಿ ನೀರುಮಜ್ಜಿಗೆ ಕೊಡುವ ಅರವಟ್ಟಿಗೆಗಳು, ಬೇವು ಅರಳಿಗಳನ್ನು ಜೊತೆಯಾಗಿ ನೆಟ್ಟ ಕಟ್ಟೆಗಳು, ಇವೆಲ್ಲ ದಾರಿಯ ಅಂಗಗಳು. ಯಾವ ಮೋಟಾರು ರಸ್ತೆಯೂ ಇಷ್ಟು ದಯೆಯಿಂದ ನಿರ್ಮಾಣವಾದದ್ದಿಲ್ಲ.

ಈ ದಾರಿಗಳ ಪ್ರಾಚೀನತೆಗೆ ಸಾಕ್ಷ್ಯಗಳಿಗೆ ಕೊರತೆಯಿಲ್ಲ. ನಂದಿಯ ಭೋಗನಂದೀಶ್ವರ ದೇವಾಲಯದ ಇತಿಹಾಸವು 9ನೆಯ ಶತಮಾನದ ಆರಂಭದ ತಾಮ್ರಶಾಸನದವರೆಗೆ ಹಿಂದಕ್ಕೆ ಹೋಗುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಗೆ ಮೀಸಲಾದುದು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಈ ತಾಲ್ಲೂಕುಗಳೆಲ್ಲ ಅದರೊಳಗೇ ಇದ್ದವು. ಆ ಸಂಪುಟವನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಲ್ಲುಗಳು ದೊರೆತದ್ದು ಗುಡಿಯ ಅಂಗಳಗಳಲ್ಲಿ ಮಾತ್ರವಲ್ಲ. ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ, ಊರ ಹೊರಗೆ ದಾರಿಯ ಮಗ್ಗುಲಲ್ಲಿ. ವೀರಗಲ್ಲನ್ನು ನೆಟ್ಟವರು ನಾಲ್ಕು ಜನ ನಡೆಯುವ ಎಡೆಯನ್ನು ನೋಡಿಯೇ ನೆಟ್ಟರು. ದತ್ತಿಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಶಾಸನಕವಿಗಳು ಆಲದ ಮರ, ಹುಟ್ಟುಬಂಡೆ, ಹಳ್ಳಗಳ ಜೊತೆಗೆ ದಾರಿಯನ್ನೂ ಎಲ್ಲೆಯಾಗಿ ಹೆಸರಿಸುವುದು ವಾಡಿಕೆ. ದಾರಿಯೆಂಬುದು ಎಲ್ಲರಿಗೂ ತಿಳಿದ, ಯಾರೂ ಅಲುಗಿಸಲಾರದ ವಸ್ತುವೆಂಬ ನಂಬಿಕೆ ಅವರಿಗಿತ್ತು.

ಈ ದಾರಿಗಳಲ್ಲಿ ನಡೆದವರಾರು? ಕೈವಾರದ ಯೋಗಿ ನಾರೇಯಣ ತಾತಯ್ಯನವರು ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆದು ಜೀವನ ಸಾಗಿಸಿದವರೆಂದು ಭಕ್ತಪರಂಪರೆ ಹೇಳುತ್ತದೆ. ತೆಲುಗು ಕನ್ನಡಗಳೆರಡರಲ್ಲೂ ತತ್ತ್ವಪದಗಳನ್ನು ಹಾಡಿದ ಆ ಅನುಭಾವಿಗೆ ಎರಡು ಭಾಷೆಗಳ ಜನರನ್ನು ಪರಿಚಯಿಸಿದ್ದು ಇವೇ ಕಾಲುದಾರಿಗಳು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ಹರಕೆ ಹೊತ್ತು ನಡೆದರು. ಶರಣ ಪರಂಪರೆಯಲ್ಲಿ ‘ಜಂಗಮ’ ಎಂಬ ಶಬ್ದವೇ ಚಲನೆಯನ್ನು ಹೇಳುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದ ಅಕ್ಕಮಹಾದೇವಿಗೆ ವಾಹನವಾದದ್ದು ಅವಳ ಪಾದಗಳೇ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ನೆರೆದು ಪೋಲೀಸರ ಗುಂಡಿಗೆ ಎದೆಯೊಡ್ಡಿದವರು ಸುತ್ತಣ ಹಳ್ಳಿಗಳಿಂದ ಬಂದ ರೈತಾಪಿ ಜನ. ಬಸ್ಸು ಕಾರುಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಅವರನ್ನು ಅಲ್ಲಿಗೆ ತಲುಪಿಸಿದ್ದು ಹೊಲದ ಬದುಗಳೂ ಬಂಡಿಯ ಜಾಡುಗಳೂ. ರಾಷ್ಟ್ರದ ಇತಿಹಾಸವು ಈ ಸೀಮೆಯನ್ನು ಪ್ರವೇಶಿಸಿದ್ದು ಕಾಲುದಾರಿಯಿಂದಲೇ ಎಂದರೆ ಅತಿಶಯೋಕ್ತಿಯಾಗದು.

ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಇದೇ ಪ್ರಸಂಗದಲ್ಲಿ ಸ್ಮರಿಸಲೇಬೇಕಾದ ಇನ್ನೊಂದು ನಡಿಗೆಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಊರಿನ ಶಾಲೆಯ ವ್ಯಾಸಂಗ ಮುಗಿದ ಮೇಲೆ ಮುಂದಿನ ಓದಿಗೆ ಬೆಂಗಳೂರಿಗೆ ಹೋಗಬೇಕಾಯಿತು. ಬಸ್ಸಿನ ಖರ್ಚಿಗೆ ಹಣವಿರಲಿಲ್ಲ. 1935ರಲ್ಲಿ ಆ ಬಾಲಕನು ಹೊಸೂರಿನಿಂದ ಬೆಂಗಳೂರಿಗೆ, 80 ಕಿಲೋಮೀಟರಿಗೂ ಮಿಗಿಲಾದ ದೂರವನ್ನು, ನಡೆದೇ ಹೋದನು. ಹಾಗೆ ನಡೆದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ವಿದ್ಯಾರ್ಥಿಯೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಗೌರಿಬಿದನೂರು ಬಾಗೇಪಲ್ಲಿಗಳಲ್ಲಿ ಕಾಲೇಜುಗಳನ್ನು ತೆರೆಸಿ ತಾವು ನಡೆದು ಹೋದ ದೂರವನ್ನು ಮುಂದಿನ ಮಕ್ಕಳಿಗೆ ಕಡಮೆ ಮಾಡಿದರು. ಅವರ ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರು. ಆ ಹೆಸರಿನ ‘ಹಾದಿ’ಯು ಅಲಂಕಾರ ಮಾತ್ರವಾಗಿರದೆ ವಾಚ್ಯಾರ್ಥದಲ್ಲಿಯೂ ಸತ್ಯವಾಗಿದೆ.

ಇಂದಿನ ಸ್ಥಿತಿಯನ್ನು ನೋಡೋಣ. ಹಳ್ಳಿಹಳ್ಳಿಗೂ ಡಾಂಬರು ರಸ್ತೆ ಬಂದಿದೆ. ಪ್ರಸವವೇದನೆಯ ಹೆಣ್ಣುಮಗಳು ಗಳಿಗೆಯೊಳಗೆ ಆಸ್ಪತ್ರೆಯನ್ನು ಸೇರುವಂತಾಗಿದೆ. ಟೊಮೇಟೊ, ಹೂವು, ರೇಷ್ಮೆಗೂಡು ಕೆಡುವ ಮುನ್ನ ಮಾರುಕಟ್ಟೆಯನ್ನು ತಲುಪುತ್ತಿವೆ. ಇದನ್ನು ಹಳಿಯುವವನು ಹಳ್ಳಿಯ ಕಷ್ಟವನ್ನು ಅರಿಯದವನೇ ಸರಿ. ದಾರಿ ದೂರವೆಂಬ ಒಂದೇ ಕಾರಣಕ್ಕೆ ಓದು ನಿಲ್ಲಿಸಿದ ಹೆಣ್ಣುಮಕ್ಕಳೆಷ್ಟೋ. 2006-07ನೆಯ ಸಾಲಿನಿಂದ ಹಲವು ವರ್ಷಗಳ ಕಾಲ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟದ್ದು ಉಪಕಾರದ ಕೆಲಸ. ಆದಕಾರಣ ‘ಹಿಂದೆ ಎಲ್ಲರೂ ನಡೆಯುತ್ತಿದ್ದರು, ಈಗಿನವರು ಸೋಮಾರಿಗಳು’ ಎಂಬ ಹಳೆಯ ರಾಗವನ್ನು ಇಲ್ಲಿ ಹಾಡುವುದು ಅನವಶ್ಯಕ. ಪ್ರಶ್ನೆ ಬೇರೆಯೇ ಇದೆ. ರಸ್ತೆ ಬಂದದ್ದು ಲಾಭ. ಆದರೆ ರಸ್ತೆ ಬಂದಿತೆಂದು ಕಾಲುದಾರಿ ಹೋಗಬೇಕೇ? ರಸ್ತೆಯು ಊರಿನಿಂದ ಊರಿಗೆ ಹೋಗುತ್ತದೆ. ಹೊಲಕ್ಕೆ, ಕೆರೆಗೆ, ಗೋಮಾಳಕ್ಕೆ, ಮಸಣಕ್ಕೆ, ಬೆಟ್ಟದ ಗುಡಿಗೆ ಹೋಗುವುದು ಕಾಲುದಾರಿಯೇ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಕಾಲುದಾರಿಯು ಅಳಿಯುವ ಕ್ರಮವನ್ನು ಸ್ವಲ್ಪ ಸೂಕ್ಷ್ಮವಾಗಿ ಗಮನಿಸಬೇಕು. ಯಾರೂ ಒಂದು ದಿನ ಬಂದು ಅದನ್ನು ಮುಚ್ಚುವುದಿಲ್ಲ. ಮೊದಲು ಶಾಲೆಯ ಮಕ್ಕಳು ವ್ಯಾನು ಹತ್ತುತ್ತಾರೆ. ಬೆಳಗ್ಗೆ ಸಂಜೆ ಆ ದಾರಿಯನ್ನು ತುಳಿಯುತ್ತಿದ್ದ ಕಾಲುಗಳು ನಿಂತುಹೋಗುತ್ತವೆ. ಎರಡು ಮಳೆಗಾಲಗಳಲ್ಲಿ ಲಂಟಾನ ಕವಿಯುತ್ತದೆ. ಹೊಲದವನು ಉಳುವಾಗ ಬದುವನ್ನು ಒಂದು ಗೇಣು ಸವರುತ್ತಾನೆ, ಮುಂದಿನ ವರ್ಷ ಇನ್ನೊಂದು ಗೇಣು. ಜಮೀನು ಕೈಬದಲಾಯಿಸಿದಾಗ ಕೊಂಡವನು ದೂರದ ಪಟ್ಟಣದವನು; ಅವನಿಗೆ ದಾರಿಯ ಕಥೆ ತಿಳಿಯದು. ಅವನು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುತ್ತಾನೆ. ಕೊನೆಗೆ ಬಡಾವಣೆಯ ನಕ್ಷೆಯಲ್ಲಿ ದಾರಿ ನಿವೇಶನವಾಗುತ್ತದೆ. ಕಲ್ಲುಗಣಿಯ ಪಕ್ಕದಲ್ಲಾದರೆ ಲಾರಿದಾರಿಯ ಕೆಳಗೆ ಹೂತುಹೋಗುತ್ತದೆ. ಬೆಂಗಳೂರು ಉತ್ತರಕ್ಕೆ ಬೆಳೆಯುತ್ತ ಬಂದಂತೆ, ಅದರಲ್ಲಿಯೂ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ, ನಂದಿಯ ತಪ್ಪಲಿನಲ್ಲಿ ಈ ಕ್ರಮವು ತ್ವರಿತಗೊಂಡಿರುವುದನ್ನು ಕಣ್ಣಿದ್ದವರೆಲ್ಲ ಕಂಡಿದ್ದಾರೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಉಪಾಧ್ಯಾಯರೂ ಪೋಷಕರೂ ತಿಳಿದಿರುವುದು ಒಳ್ಳೆಯದು. 1964ನೆಯ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರಕಾರದ ಸ್ವತ್ತು. 1966ನೆಯ ಭೂಕಂದಾಯ ನಿಯಮಗಳು ಸಾಗುವಳಿಗೆ ಒಳಪಡದ ಖರಾಬು ಜಮೀನನ್ನು ‘ಅ’ ಎಂದೂ ‘ಬ’ ಎಂದೂ ವಿಂಗಡಿಸುತ್ತವೆ. ಬಂಡೆ, ಕಣ, ಹೊಲಮನೆ ಮೊದಲಾದುವು ‘ಅ’ ಖರಾಬು. ರಸ್ತೆ, ಮಾನ್ಯತೆ ಪಡೆದ ಕಾಲುದಾರಿ, ಪರರೂ ಬಳಸುವ ಹಳ್ಳ ಕೆರೆಗಳು, ಸ್ಮಶಾನ ಮೊದಲಾದುವು ‘ಬ’ ಖರಾಬು. ಸರ್ವೆ ನಂಬರಿನೊಳಗೆ ‘ಬ’ ಖರಾಬು ಸೇರಿದ್ದರೂ ಹಿಡುವಳಿದಾರನು ಅದರ ಒಡೆಯನಲ್ಲ. ಪಹಣಿಯಲ್ಲಿ ಇದರ ವಿಸ್ತೀರ್ಣವನ್ನು ಬೇರೆಯಾಗಿ ತೋರಿಸಿರುತ್ತದೆ. ಗ್ರಾಮನಕ್ಷೆಯಲ್ಲಿ ದಾರಿಗಳನ್ನು ಚುಕ್ಕೆಗೆರೆಗಳಿಂದ ಗುರುತಿಸಿರುತ್ತದೆ. ಎಂದರೆ, ನೆಲದ ಮೇಲೆ ಅಳಿದ ದಾರಿಯು ಕಾಗದದ ಮೇಲೆ ಇನ್ನೂ ಉಸಿರಾಡುತ್ತಿರುವುದು ಸಾಧ್ಯ.

ಆದರೆ ಎಲ್ಲ ದಾರಿಗಳಿಗೂ ಈ ರಕ್ಷೆಯಿಲ್ಲ. ನಕ್ಷೆಗೆ ಏರದೆ, ನೆರೆಹೊರೆಯವರ ಸೌಜನ್ಯದಿಂದಲೂ ರೂಢಿಯಿಂದಲೂ ನಡೆದುಬಂದ ದಾರಿಗಳು ಅಸಂಖ್ಯಾತ. ಒಬ್ಬ ರೈತನು ತನ್ನ ಹೊಲವನ್ನು ಸೇರಲು ಇನ್ನೊಬ್ಬನ ಹೊಲದ ಬದುವನ್ನು ಹಾದುಹೋಗುವುದು ಇಂಥದು. ವಕೀಲರ ಬಾಯಲ್ಲಿ ಈಸ್‌ಮೆಂಟ್ ಕಾಯಿದೆಯೆಂದು ಪ್ರಸಿದ್ಧವಾದ 1882ನೆಯ ಅಧಿನಿಯಮವು ಇದಕ್ಕೆ ಅನ್ವಯಿಸುತ್ತದೆ. ಅದರ 15ನೆಯ ಪ್ರಕರಣದ ಸಾರವಿಷ್ಟು: ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂದು ತಿಳಿದು, ತಡೆಯಿಲ್ಲದೆ 20 ವರ್ಷ ನಡೆದುಬಂದ ದಾರಿ ಹಕ್ಕಾಗುತ್ತದೆ. 47ನೆಯ ಪ್ರಕರಣವು ಇದಕ್ಕೆ ಕನ್ನಡಿಯಲ್ಲಿನ ಪ್ರತಿಬಿಂಬದಂತಿದೆ: ಇಂಥ ಹಕ್ಕನ್ನು ಸತತವಾಗಿ 20 ವರ್ಷ ಬಳಸದೆ ಬಿಟ್ಟರೆ ಅದು ನಂದಿಹೋಗುತ್ತದೆ.

ಈ ಎರಡು ಪ್ರಕರಣಗಳನ್ನು ಜೊತೆಯಾಗಿಟ್ಟು ನೋಡಿದರೆ ಮನಸ್ಸಿಗೆ ನಾಟುವ ಅರ್ಥವೊಂದಿದೆ. ಕಾಲುದಾರಿಯನ್ನು ಮಾಡುವುದು ಹಾರೆ ಗುದ್ದಲಿಗಳಲ್ಲ, ನಡೆಯುವ ಕಾಲುಗಳು. ಅದನ್ನು ಅಳಿಸುವುದು ಮುಳ್ಳುತಂತಿಗಿಂತ ಮೊದಲು ನಡೆಯದ ಕಾಲುಗಳು. 20 ವರ್ಷವೆಂದರೆ ಒಂದು ತಲೆಮಾರು. ಇಂದು ಒಂದನೆಯ ತರಗತಿಗೆ ಸೇರಿದ ಮಗು ಓದು ಮುಗಿಸಿ ಉದ್ಯೋಗ ಹಿಡಿಯುವಷ್ಟರಲ್ಲಿ ಅದು ಒಮ್ಮೆಯೂ ತುಳಿಯದ ದಾರಿಗಳ ಹಕ್ಕು ಮುಗಿದಿರುತ್ತದೆ. ಆಗ ನ್ಯಾಯಾಲಯದಲ್ಲಿ ‘ಇಲ್ಲಿ ದಾರಿಯಿತ್ತು’ ಎಂದು ಸಾಕ್ಷಿ ಹೇಳಬಲ್ಲ ಮುದುಕರೂ ಉಳಿದಿರುವುದಿಲ್ಲ.

ಹೋದರೆ ಯಾರಿಗೆ ನಷ್ಟ? ಕಾರು ಉಳ್ಳವನಿಗೆ ನಷ್ಟವಿಲ್ಲ. ಅವನು ಸುತ್ತಿ ಬಂದಾನು. ಶಿಡ್ಲಘಟ್ಟದ ಕಡೆಯ ಒಬ್ಬ ಸಣ್ಣ ರೇಷ್ಮೆ ಬೆಳೆಗಾರನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಣ್ಣಾಗುವ ತನಕ ತಿನ್ನುವ ಸೊಪ್ಪು ಅಪಾರ. ಅದರ ಆಯುಷ್ಯದ ಒಟ್ಟು ಆಹಾರದಲ್ಲಿ ಬಹುಪಾಲು ಆ ಒಂದು ವಾರದ್ದೇ. ಸೊಪ್ಪು ಬಾಡಿದರೆ ಹುಳು ಮೂಸುವುದಿಲ್ಲ. ದಿನಕ್ಕೆ ಎರಡು ಮೂರು ಬಾರಿ ಹಿಪ್ಪುನೇರಳೆ ತೋಟದಿಂದ ಹೊರೆ ಬರಬೇಕು. ಹೊರುವವರು ಹೆಚ್ಚಾಗಿ ಹೆಂಗಸರು. ತೋಟಕ್ಕೂ ಮನೆಗೂ ನಡುವೆ ಇದ್ದ ಬದುದಾರಿಗೆ ಒಂದು ತಂತಿ ಬಿದ್ದಿತೆಂದರೆ, ಅರ್ಧ ಮೈಲಿಯ ದಾರಿ ಎರಡು ಮೈಲಿಯಾಗುತ್ತದೆ. ಆ ಒಂದೂವರೆ ಮೈಲಿಯು ದಿನಕ್ಕೆ ಮೂರು ಬಾರಿ ಆ ತಾಯಿಯ ತಲೆಯ ಮೇಲೆ ಕೂರುತ್ತದೆ. ಕುರಿ ಕಾಯುವವನಿಗೆ ಗೋಮಾಳದ ಓಣಿ ತಪ್ಪಿದರೆ ಮಂದೆಯನ್ನು ಲಾರಿಗಳ ನಡುವೆ ಹೆದ್ದಾರಿಯಲ್ಲಿ ಅಟ್ಟಬೇಕು. ಮಸಣದ ದಾರಿ ತಪ್ಪಿದ ಕೇರಿಯವರಂತೂ ಹೆಣವನ್ನು ಹೊತ್ತು ಬೇರೆಯವರ ಬೆಳೆಯ ನಡುವೆ ಅಪ್ಪಣೆ ಬೇಡುತ್ತ ನಿಲ್ಲಬೇಕಾಗುತ್ತದೆ. ಸತ್ತವನಿಗೂ ದಾರಿಯಿಲ್ಲದ ಊರು ಎಂಥ ಊರು? ಭೂಮಿಯಿಲ್ಲದವನಿಗೆ ಊರಿನ ನೆಲದಲ್ಲಿ ಉಳಿದಿರುವ ಒಂದೇ ಪಾಲು ಈ ಕಾಲುದಾರಿ. ಅದರ ಮೇಲೆ ನಡೆಯುವಷ್ಟು ಹೊತ್ತಾದರೂ ಅವನು ಒಡೆಯನಿಗೆ ಸಮಾನನು.

ಹೊಲದವನ ಮಾತನ್ನೂ ಕೇಳಬೇಕಾದದ್ದು ನ್ಯಾಯ. ಒಂದೆಕರೆ ಒಂದೂವರೆ ಎಕರೆಯ ಹಿಡುವಳಿಯಲ್ಲಿ ನಾಲ್ಕಡಿ ಅಗಲದ ದಾರಿಯೆಂದರೆ ಎರಡು ಸಾಲು ಬೆಳೆ. ದ್ರಾಕ್ಷಿಗೆ, ಹೂವಿಗೆ ಸಾಲ ಮಾಡಿ ಹಣ ಹೂಡಿದವನು ಬೇಲಿ ಹಾಕದಿದ್ದರೆ ದನವೂ ಕಳ್ಳನೂ ಬಿಡರು. ರಜಾದಿನ ಬೆಂಗಳೂರಿನಿಂದ ಬಂದು ಬೆಳೆಯ ನಡುವೆ ನಿಂತು ಚಿತ್ರ ತೆಗೆದುಕೊಂಡು, ಸೀಸೆ ಚೀಲಗಳನ್ನು ಎಸೆದುಹೋಗುವವರ ಉಪದ್ರವ ಬೇರೆ. ಆದ್ದರಿಂದ ದಾರಿಯನ್ನು ಉಳಿಸುವ ಹೆಸರಿನಲ್ಲಿ ಹೊಲದವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಅವಿವೇಕ. ದಾರಿ ಎಲ್ಲಿ, ಎಷ್ಟು ಅಗಲ ಎಂಬುದು ನಿಶ್ಚಿತವಾಗಿದ್ದರೆ ಬೇಲಿಯೂ ಇರಬಹುದು, ದಾರಿಯೂ ಇರಬಹುದು. ಜಗಳ ಹುಟ್ಟುವುದು ಅನಿಶ್ಚಯದಿಂದ. ಬದು ತಪ್ಪದೆ ನಡೆಯುವುದು, ತೆರೆದ ತಡಿಕೆಯನ್ನು ಮತ್ತೆ ಮುಚ್ಚಿ ಹೋಗುವುದು, ಬೆಳೆಗೆ ಕೈ ಹಾಕದಿರುವುದು, ತಂದ ಕಸವನ್ನು ಮರಳಿ ಒಯ್ಯುವುದು, ಇವು ದಾರಿಹೋಕನ ಧರ್ಮ. ಹಕ್ಕನ್ನು ಕೇಳುವವನು ಈ ಧರ್ಮವನ್ನು ಮೊದಲು ಕಲಿಯಬೇಕು.

ಬೆಟ್ಟದ ದಾರಿಗಳ ಕಥೆ ಇನ್ನೊಂದು ಬಗೆ. ನಂದಿಬೆಟ್ಟಕ್ಕೆ ಸುಲ್ತಾನಪೇಟೆಯ ಕಡೆಯಿಂದ ಹತ್ತುವ ಪುರಾತನವಾದ ಮೆಟ್ಟಿಲುದಾರಿಯಿದೆ. ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ಭೋಗದಿಂದ ಯೋಗಕ್ಕೆ ಏರುವವನು ಒಂದೊಂದು ಮೆಟ್ಟಿಲನ್ನೂ ತನ್ನ ಉಸಿರಿನಿಂದ ಅಳೆಯಬೇಕೆಂಬುದು ಹಿರಿಯರ ಭಾವನೆ. ಆಷಾಢಮಾಸದಲ್ಲಿ ಭಕ್ತರು ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಗಿರಿಪ್ರದಕ್ಷಿಣೆ ಮಾಡುವುದುಂಟು. ಇಂದು ಬಹುಮಂದಿ ಕಾರಿನಲ್ಲಿ ಹತ್ತಿ, ಮಂಜು ನೋಡಿ, ಉಪಾಹಾರ ಮುಗಿಸಿ ಇಳಿಯುತ್ತಾರೆ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ಆ ಮೋಟಾರು ರಸ್ತೆ ಕೊಚ್ಚಿಹೋದಾಗ ತಿಂಗಳುಗಟ್ಟಲೆ ಬೆಟ್ಟವೇ ಪ್ರವಾಸಿಗಳಿಗೆ ಮುಚ್ಚಿತು. 2023ರಲ್ಲಿ ತೂಗುತೊಟ್ಟಿಲ ಮಾರ್ಗಕ್ಕೆ, ಎಂದರೆ ರೋಪ್‌ವೇಗೆ, ಶಂಕುಸ್ಥಾಪನೆಯಾಯಿತು. ಮುದುಕರೂ ಅಶಕ್ತರೂ ಅದರಲ್ಲಿ ಏರಲಿ, ಸಂತೋಷವೇ. ಆದರೆ ಕೋಟಿಗಳ ಯೋಜನೆಯ ನಡುವೆ ಮೆಟ್ಟಿಲುದಾರಿಯ ಸಡಿಲಾದ ಕಲ್ಲುಗಳನ್ನು ಕೂಡಿಸಲು ನಾಲ್ಕು ಜನ ಕಲ್ಲುಕುಟಿಗರು ದೊರೆಯಬಾರದೇ?

ಸ್ಕಂದಗಿರಿಗೆ ಈಗ ಅರಣ್ಯ ಇಲಾಖೆಯಲ್ಲಿ ಮುಂಗಡ ನೋಂದಾಯಿಸಿ, ಶುಲ್ಕ ಕೊಟ್ಟು ಹತ್ತಬೇಕು. ಇದನ್ನು ಪೂರ್ಣವಾಗಿ ಆಕ್ಷೇಪಿಸಲಾಗದು. ಜನಸಂದಣಿಯೂ ಕಸವೂ ಬೆಂಕಿಯೂ ಆ ಬೆಟ್ಟವನ್ನು ಪೀಡಿಸಿದ್ದು ನಿಜ. 2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿಯನ್ನು ಒಬ್ಬನೇ ಹತ್ತಲು ಹೋದ ತರುಣ ವಿದ್ಯಾರ್ಥಿಯೊಬ್ಬನು ಜಾರಿ ಕಡಿದಾದ ಬಂಡೆಯ ನಡುವೆ ಸಿಕ್ಕಿಕೊಂಡು, ವಾಯುಸೇನೆಯ ಹೆಲಿಕಾಪ್ಟರು ಬಂದು ಅವನನ್ನು ಎತ್ತಿಕೊಳ್ಳಬೇಕಾಯಿತು. ದಾರಿಯನ್ನು ಬಲ್ಲವರ ಜೊತೆಯಿಲ್ಲದೆ ಬೆಟ್ಟಕ್ಕೆ ಕೈಹಾಕಿದರೆ ಏನಾದೀತೆಂಬುದಕ್ಕೆ ಇದು ನಿದರ್ಶನ. ಆದರೆ ದಾರಿ ಬಲ್ಲವರು ಯಾರು? ತಪ್ಪಲಿನ ಹಳ್ಳಿಗಳ ದನಗಾಹಿಗಳು, ಸೌದೆಗೆ ಹೋಗುತ್ತಿದ್ದ ಹೆಂಗಸರು, ಸೀತಾಫಲ ಆಯುತ್ತಿದ್ದ ಹುಡುಗರು. ಆ ಹುಡುಗರ ಮಕ್ಕಳಿಗೆ ಇಂದು ಬೆಟ್ಟದ ದಾರಿ ಗೊತ್ತಿಲ್ಲ. ಪಟ್ಟಣದವರು ದುಡ್ಡು ಕೊಟ್ಟು ಹತ್ತುವ ಬೆಟ್ಟವನ್ನು ತಪ್ಪಲಿನ ಶಾಲೆಯ ಮಕ್ಕಳು ಕಿಟಕಿಯಿಂದ ನೋಡುತ್ತಿರುವುದು ಶೋಚನೀಯವಾದ ವಿಪರ್ಯಾಸ. ತಪ್ಪಲಿನ ಶಾಲೆಗಳ ಮಕ್ಕಳಿಗೆ ಉಪಾಧ್ಯಾಯರ ಜೊತೆಯಲ್ಲಿ ವರ್ಷಕ್ಕೆ ಕೆಲವು ದಿನ ಶುಲ್ಕವಿಲ್ಲದೆ ತಮ್ಮ ಬೆಟ್ಟವನ್ನು ಹತ್ತುವ ಅವಕಾಶವಿರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇನೂ ಅಲ್ಲ.

ಅನ್ಯದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತವಾದೀತು. ಇಂಗ್ಲೆಂಡಿನಲ್ಲಿ ಗಿರಣಿ ಪಟ್ಟಣಗಳ ಕೂಲಿಕಾರ ತರುಣರು 1932ರ ಏಪ್ರಿಲಿನಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲಿಗೆ, ಜಮೀನ್ದಾರರ ಕಾವಲುಗಾರರನ್ನು ಎದುರಿಸಿ, ಗುಂಪಾಗಿ ನಡೆದುಹೋದರು. ಅವರಲ್ಲಿ ಕೆಲವರು ಸೆರೆಮನೆಯನ್ನೂ ಕಂಡರು. 1949ರಲ್ಲಿ ಬಂದ ಶಾಸನವು ಪ್ರತಿಯೊಂದು ಪ್ರಾಂತದಲ್ಲಿಯೂ ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕ್ಷೆಯನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಊರೂರಿನ ಗ್ರಾಮಸಭೆಗಳವರು ತಮ್ಮ ತಮ್ಮ ದಾರಿಗಳನ್ನು ನಡೆದು ನೋಡಿ ಪಟ್ಟಿ ಬರೆದುಕೊಟ್ಟರು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,25,000 ಕಿಲೋಮೀಟರುಗಳಷ್ಟು ಉದ್ದದ ಇಂಥ ದಾರಿಗಳು ದಾಖಲೆಯಲ್ಲಿವೆ. ಖಾಸಗಿ ಹೊಲದ ನಡುವೆ ಹೋಗುವ ದಾರಿಯಲ್ಲಿಯೂ ನಡೆಯುವವನನ್ನು ತಡೆಯುವಂತಿಲ್ಲ. ಅಲ್ಲಿನವರು ಮಾಡಿದ್ದನ್ನು ಇಲ್ಲಿ ಮಾಡಲು ಹೊಸ ಶಾಸನವೂ ಬೇಕಿಲ್ಲ. ಗ್ರಾಮನಕ್ಷೆ ಇದೆ, ಪಹಣಿ ಇದೆ, ಗ್ರಾಮಸಭೆ ಇದೆ. ಕೊರತೆಯಾಗಿರುವುದು ನಡೆದು ಬರೆದುಕೊಡುವವರದು.

ಆ ಕೊರತೆಯನ್ನು ಶಾಲೆಯು ತುಂಬಬಲ್ಲದು ಎಂಬುದೇ ಇಲ್ಲಿ ಪ್ರತಿಪಾದಿಸಲಿರುವ ವಿಷಯ. ಗ್ರಾಮನಕ್ಷೆಗಳು ಭೂಮಾಪನ ಇಲಾಖೆಯಲ್ಲಿ ದೊರೆಯುತ್ತವೆ, ಈಗ ಅಂತರ್ಜಾಲದಲ್ಲಿಯೂ ಲಭ್ಯ. ತಿಂಗಳಿಗೊಂದು ಶನಿವಾರ, ಶಾಲೆ ಬೇಗ ಬಿಡುವ ದಿನ, ಎಂಟು ಒಂಬತ್ತನೆಯ ತರಗತಿಯ ಮಕ್ಕಳು ಉಪಾಧ್ಯಾಯರೊಬ್ಬರೊಡನೆ ನಕ್ಷೆಯನ್ನು ಹಿಡಿದು ಒಂದೊಂದು ದಾರಿಯನ್ನು ನಡೆಯಲಿ. ನಡೆದ ದಾರಿಯನ್ನು ಒಂದು ಪುಸ್ತಕದಲ್ಲಿ ಬರೆಯಲಿ: ದಾರಿಯ ಹೆಸರೇನು, ಎಲ್ಲಿಂದ ಎಲ್ಲಿಗೆ, ಎಷ್ಟು ಹೆಜ್ಜೆ, ಯಾವ ಸರ್ವೆ ನಂಬರುಗಳ ನಡುವೆ, ನೆರಳು ಎಲ್ಲಿ, ನೀರು ಎಲ್ಲಿ, ವೀರಗಲ್ಲು ಹೊರೆಗಲ್ಲುಗಳಿವೆಯೇ, ಯಾರು ನಡೆಯುತ್ತಾರೆ, ಎಲ್ಲಿ ತಡೆ ಬಿದ್ದಿದೆ, ಎಂದಿನಿಂದ ಬಿದ್ದಿದೆ. ಊರ ಹಿರಿಯರನ್ನು ಕೇಳಿ ಅವರ ಮಾತನ್ನು ಅವರದೇ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬರೆದುಕೊಳ್ಳಲಿ. ದಿನಾಂಕ ಹಾಕಿ ಉಪಾಧ್ಯಾಯರು ಸಹಿ ಮಾಡಲಿ. ಗಣಿತದ ಉಪಾಧ್ಯಾಯರಿಗೆ ಅಳತೆ, ಸಮಾಜಶಾಸ್ತ್ರದವರಿಗೆ ಭೂಗೋಳ ಇತಿಹಾಸ, ವಿಜ್ಞಾನದವರಿಗೆ ಗಿಡಮರ, ಕನ್ನಡದವರಿಗೆ ಶಬ್ದಸಂಪತ್ತು. ಎಲ್ಲರಿಗೂ ಅಲ್ಲಿ ಪಾಠವಿದೆ. ಹತ್ತು ವರ್ಷದಲ್ಲಿ ಸುತ್ತಿನ ಹತ್ತಾರು ಹಳ್ಳಿಗಳ ‘ದಾರಿಪುಸ್ತಕ’ ಸಿದ್ಧವಾಗುತ್ತದೆ. ವರ್ಷಕ್ಕೊಮ್ಮೆ ಅದರ ಪ್ರತಿಯನ್ನು ಗ್ರಾಮಸಭೆಯ ಮುಂದಿಡಬೇಕು. ತಡೆ ಬಿದ್ದ ‘ಬ’ ಖರಾಬಿನ ದಾರಿಗಳ ಪಟ್ಟಿಯನ್ನು ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೆ ಸಲ್ಲಿಸಬೇಕು. ಮಕ್ಕಳು ಯಾರ ಮೇಲೂ ಜಗಳ ಹೂಡಬೇಕಾಗಿಲ್ಲ. ಅವರು ನಡೆದರೆ ಸಾಕು, ಬರೆದರೆ ಸಾಕು. ಅದೇ ಸಾಕ್ಷ್ಯ, ಅದೇ ಬಳಕೆ.

ಇದರಿಂದ ಪರೀಕ್ಷೆಯ ಅಂಕ ಹೆಚ್ಚುವುದೇ ಎಂದು ಪೋಷಕರು ಕೇಳಿಯಾರು. ಹೆಣ್ಣುಮಕ್ಕಳನ್ನು ನಿರ್ಜನವಾದ ದಾರಿಗೆ ಕಳುಹಿಸುವುದು ಹೇಗೆಂದು ತಾಯಂದಿರು ಅಂಜಿಯಾರು. ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತ ಗುರುತರವಾದದ್ದು. ಅದಕ್ಕೆ ಉತ್ತರವೂ ಅದರಲ್ಲಿಯೇ ಇದೆ. ದಾರಿ ಭಯಂಕರವಾಗುವುದು ನಿರ್ಜನವಾದದ್ದರಿಂದ. ಮೂವತ್ತು ಮಕ್ಕಳು ಮಾತಾಡುತ್ತ ನಡೆಯುವ ದಾರಿಯಲ್ಲಿ ಹಾವು ಸರಿದುಹೋಗುತ್ತದೆ, ದುಷ್ಟನೂ ಸರಿದುಹೋಗುತ್ತಾನೆ. ಉಪಾಧ್ಯಾಯರಿಬ್ಬರು ಜೊತೆಗಿದ್ದು, ಹಗಲಿನಲ್ಲಿ, ಮನೆಯವರಿಗೆ ತಿಳಿಸಿ ನಡೆಯುವ ನಡಿಗೆಗೆ ಅಂಜಬೇಕಾದದ್ದಿಲ್ಲ. ಅಂಕದ ಮಾತಿಗೆ ಹೊಸೂರಿನಿಂದ ಬೆಂಗಳೂರಿಗೆ ನಡೆದ ಬಾಲಕನ ಮುಂದಿನ ಬಾಳೇ ಉತ್ತರ.

ದಾನಿಗಳಿಗೂ ಒಂದು ವಿಜ್ಞಾಪನೆಯುಂಟು. ವಿದ್ಯಾಸಂಸ್ಥೆಗೆ ಕೊಠಡಿ ಕಟ್ಟಿಸುವುದು, ಗೋಡೆಯ ಮೇಲೆ ಹಿರಿಯರ ಹೆಸರಿನ ಕಲ್ಲು ಕೂಡಿಸುವುದು ಪುಣ್ಯಕಾರ್ಯವೇ. ಆದರೆ ಈ ನಾಡಿನಲ್ಲಿ ದಾನದ ಅತ್ಯಂತ ಹಳೆಯ ರೂಪಗಳಲ್ಲಿ ದಾರಿಯ ದಾನವೂ ಒಂದು. ಕೆರೆಯ ಕೋಡಿಯಲ್ಲಿ ಒಂದು ಹಾಸುಗಲ್ಲು, ಏರಿಯ ಮೇಲೆ ನಾಲ್ಕು ಬೇವಿನ ಸಸಿ, ಬೇಸಿಗೆಯ ಮೂರು ತಿಂಗಳು ಒಂದು ಅರವಟ್ಟಿಗೆ, ಕವಲಿನಲ್ಲಿ ಊರ ಹೆಸರು ಕೆತ್ತಿದ ಒಂದು ಕೈಮರ. ಇವುಗಳಿಗೆ ತಗಲುವ ವೆಚ್ಚ ಒಂದು ಕೊಠಡಿಯ ವೆಚ್ಚದಲ್ಲಿ ಅತ್ಯಲ್ಪ ಭಾಗ. ಹಳೆಯ ವಿದ್ಯಾರ್ಥಿಗಳಾದರೋ ತಾವು ಬುತ್ತಿ ಕಟ್ಟಿಕೊಂಡು ಶಾಲೆಗೆ ನಡೆದುಬಂದ ದಾರಿಯನ್ನು ಇನ್ನೊಮ್ಮೆ, ಸಾಧ್ಯವಾದರೆ ತಮ್ಮ ಮೊಮ್ಮಕ್ಕಳ ಕೈ ಹಿಡಿದು, ನಡೆಯಲಿ. ಎಲ್ಲಿ ತಂತಿ ಅಡ್ಡ ಬಂದಿತೆಂದು ಶಾಲೆಗೆ ತಿಳಿಸಲಿ. ಅವರ ನೆನಪಿಗೆ ಇಂದು ನ್ಯಾಯಾಲಯದಲ್ಲಿ ಸಾಕ್ಷ್ಯದ ಬೆಲೆಯಿದೆ. ಇನ್ನು ಕೆಲವೇ ವರ್ಷಗಳಲ್ಲಿ ಅದು ಬರಿಯ ಕಥೆಯಾದೀತು.

ತರಗತಿಯಲ್ಲಿ ‘ಬಟ್ಟೆ’ಯ ಅರ್ಥ ತಿಳಿಯದೆ ತಪ್ಪಿದ ಹುಡುಗನನ್ನು ನೋಡಿ ನಗುವುದು ಸುಲಭ, ಅವನ ತಪ್ಪನ್ನು ತಿದ್ದಲು ನಿಘಂಟಿದೆ. ದಾರಿಯನ್ನೇ ಕಾಣದೆ ಬೆಳೆದ ಹುಡುಗನನ್ನು ತಿದ್ದುವ ನಿಘಂಟಿಲ್ಲ. ಅವನನ್ನು ಕೆರೆಯ ಏರಿಯ ಮೇಲಕ್ಕೆ ಕರೆದೊಯ್ದು, ಬೆಟ್ಟದ ಕಡೆಗೆ ಮುಖ ಮಾಡಿ ನಿಲ್ಲಿಸಿ, ‘ಇದೋ, ಇದು ಬಟ್ಟೆ, ನಿನ್ನ ಅಜ್ಜಿಯ ಬಾಟ, ನಡೆ’ ಎನ್ನಬೇಕು. ಆ ಮಾತನ್ನು ಹೇಳುವ ಹೊಣೆ ಶಾಲೆಯದು. ಮುಂದಿನ ಮಳೆಗಾಲಕ್ಕೆ ಮುನ್ನ ಒಂದೊಂದು ಶಾಲೆ ಒಂದೊಂದು ದಾರಿಯನ್ನಾದರೂ ನಡೆದು ಬರೆದಿಟ್ಟರೆ, ಇಂಥ ಸಂಚಿಕೆಗಳಲ್ಲಿ ಕಾಲುದಾರಿಯ ವಿಚಾರವಾಗಿ ಮುಂದೆ ಬರೆಯುವವರು ದುಃಖಕ್ಕೆ ಬದಲಾಗಿ ಸಂತೋಷದಿಂದ ಬರೆಯುವಂತಾದೀತು.